ಚೆರ್ಕಳಂ ಅಬ್ದುಲ್ಲ ಮತ್ತು ಮಂಜೇಶ್ವರದ ತ್ರಿಕೋನ ಲೆಕ್ಕ

ಚೆರ್ಕಳ ಇರುವುದು ಚೆಂಗಳ ಪಂಚಾಯತಿನಲ್ಲಿ, ಅಂದರೆ ಕೇರಳದ ಕಾಸರಗೋಡು ವಿಧಾನಸಭಾ ಕ್ಷೇತ್ರದಲ್ಲಿ. ಆ ಊರಿನ ಹೆಸರು ಹೊತ್ತ ಮುಸ್ಲಿಂ ಲೀಗ್ ನಾಯಕ ಅಬ್ದುಲ್ಲ ಗೆದ್ದದ್ದು ಮಾತ್ರ ಪಕ್ಕದ ಮಂಜೇಶ್ವರದಲ್ಲಿ, ಅದೂ ಸತತ ನಾಲ್ಕು ಸಲ: 1987, 1991, 1996, 2001. ಅದಕ್ಕೂ ಮೊದಲು, 1970ರಿಂದ, ಕ್ಷೇತ್ರ ಸಿಪಿಐ ಕೈಯಲ್ಲಿತ್ತು. ರಾಮಪ್ಪ, ಆಮೇಲೆ ಡಾ. ಸುಬ್ಬರಾವ್.

ಕೇರಳದ ಹೆಚ್ಚಿನ ಕಡೆ ಕಾಂಗ್ರೆಸ್, ಲೀಗ್ ಇರುವ ಐಕ್ಯರಂಗ ಮತ್ತು ಸಿಪಿಎಂ, ಸಿಪಿಐ ಇರುವ ಎಡರಂಗಗಳ ನೇರ ಹಣಾಹಣಿ. ಇಲ್ಲಿ ಬಿಜೆಪಿಯೂ ಗೆಲ್ಲುವ ಲೆಕ್ಕದಲ್ಲೇ ಇರುತ್ತದೆ. ಹಾಗಾಗಿ ಅರ್ಧದಷ್ಟು ಮತ ಬೇಕಿಲ್ಲ, ಮೂರನೆಯವರು ಯಾರ ಮತ ಎಷ್ಟು ಕೀಳುತ್ತಾರೆ ಎಂಬುದೇ ಮುಖ್ಯ. 1991ರಲ್ಲಿ ಬಿಜೆಪಿಯ ಕೆ.ಜಿ. ಮಾರಾರ್ ಸೋತದ್ದು ಬರೇ 1,072 ಮತಗಳಿಂದ. ಎಡರಂಗದ ಒಂದಿಷ್ಟು ಮತ ಆಚೀಚೆ ಸರಿದಿದ್ದರೆ ಫಲಿತಾಂಶವೇ ಬೇರೆಯಾಗುತ್ತಿತ್ತು.

2001ರಲ್ಲಿ ಮುಖ್ಯಮಂತ್ರಿ ಎ.ಕೆ. ಆಂಟನಿ ಸಂಪುಟದಲ್ಲಿ ಅಬ್ದುಲ್ಲರಿಗೆ ಸ್ಥಳೀಯಾಡಳಿತ ಖಾತೆ ಸಿಕ್ಕಿತು. ಗಡಿನಾಡಿಗೆ ಇದು ಸಣ್ಣ ಖಾತೆಯಲ್ಲ: ಮನೆ ನಂಬ್ರ, ಜನನ ಪ್ರಮಾಣಪತ್ರ, ಊರ ರಸ್ತೆ ಎಲ್ಲ ಪಂಚಾಯತಿನ ಬಾಗಿಲಲ್ಲೇ ನಿಲ್ಲುತ್ತವೆ. 1969ರ ಕೇರಳ ಭಾಷಾ ಕಾಯ್ದೆಯ ಪ್ರಕಾರ ಕನ್ನಡಿಗರು ಸರಕಾರಕ್ಕೆ ಕನ್ನಡದಲ್ಲೇ ಬರೆಯಬಹುದು. ಕಾಯ್ದೆ ಇದ್ದರೂ ಅರ್ಜಿ ಓದಬಲ್ಲ ಗುಮಾಸ್ತರು ಮೇಜಿನಾಚೆ ಇಲ್ಲದಿದ್ದರೆ ಕಡತ ಅಲ್ಲೇ ಕೂರುತ್ತದೆ. ಸಚಿವಗಿರಿ 2004ರಲ್ಲಿ ಆಂಟನಿ ರಾಜೀನಾಮೆಯೊಂದಿಗೆ ಮುಗಿಯಿತು.

2006ರಲ್ಲಿ ಮಂಜೇಶ್ವರದಲ್ಲಿ ಸಿಪಿಎಂನ ಸಿ.ಎಚ್. ಕುಞಂಬು ಗೆದ್ದರು. 2011ರಲ್ಲಿ ಪಿ.ಬಿ. ಅಬ್ದುಲ್ ರಜಾಕ್ ಕ್ಷೇತ್ರವನ್ನು ಲೀಗಿಗೆ ಮರಳಿ ತಂದರು. 2016ರಲ್ಲಿ ಅವರ ಅಂತರ 89 ಮತ. 1,072 ಅದರೆದುರು ದೊಡ್ಡದೇ!