ಅದಕ್ಕೆ ಹಸಿವಾಯ್ತದೇನ್ಲಾ?

ಹೋದ ಸೋಮವಾರ ಅಜ್ಜಿಯನ್ನು ಸಿದ್ಧಗಂಗೆಗೆ ಕರೆದುಕೊಂಡು ಹೋಗಿದ್ದೆ. ಬೆಟ್ಟದ ಮೆಟ್ಟಿಲ ಬುಡದಲ್ಲಿ ಸುಮ್ನೆ ಕೂತಿದ್ದಾಗ ಅಕ್ಕನ ಮಗ ಫೋನ್ ತೆಗೆದು ಚಾಟ್‌ಜಿಪಿಟಿಗೆ 'ದೇವರು ಇದಾನಾ?' ಅಂತ ಕೇಳಿದ. ಆ ಧರ್ಮ ಹೀಗೆ ಹೇಳುತ್ತೆ, ಈ ಧರ್ಮ ಹಾಗೆ ಹೇಳುತ್ತೆ ಅಂತ ಅದು ಯಾರ ಮನಸ್ಸೂ ನೋಯದ ಹಾಗೆ ಉತ್ತರ ಕೊಟ್ಟಿತು, ಥೇಟ್ ಮದುವೆ ಮನೆಯ ಹಿರಿಯರ ಥರ.

ಅಜ್ಜಿ ಕೇಳಿದ್ದು ಒಂದೇ. "ಅದಕ್ಕೆ ಹಸಿವಾಯ್ತದೇನ್ಲಾ?"

1950ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಅಲನ್ ಟ್ಯೂರಿಂಗ್ ಯಂತ್ರ ಯೋಚಿಸಬಹುದೇ ಅಂತ ಬರೆದಾಗ ಮೊದಲು ಎತ್ತಿಕೊಂಡ ಆಕ್ಷೇಪವೇ ಧರ್ಮದ್ದು. ಯೋಚನೆ ಆತ್ಮದ ಕೆಲಸ, ಆತ್ಮ ಇರೋದು ಮನುಷ್ಯನಿಗೆ ಮಾತ್ರ ಅನ್ನೋದು. ದೇವರು ಮನಸ್ಸು ಮಾಡಿದರೆ ಆನೆಗೂ ಆತ್ಮ ಕೊಡಬಹುದಲ್ವಾ ಅಂತ ಅವನು ತಿರುಗಿ ಕೇಳಿದ. ಜಾಣ ಮಾತು, ಒಪ್ಪುತ್ತೇನೆ. ಆದರೂ ನನಗೆ ಅಜ್ಜಿಯ ಪ್ರಶ್ನೆಯೇ ದೊಡ್ಡದು ಅನಿಸಿತು.

ಯಾಕೆ ಅಂದರೆ ಮಧ್ಯಾಹ್ನ ದಾಸೋಹದಲ್ಲಿ ಬಡಿಸುತ್ತಿದ್ದ ಹುಡುಗ ಅಜ್ಜಿಯ ಬೊಚ್ಚು ಬಾಯಿ ನೋಡಿದ, ಏನೂ ಕೇಳಲಿಲ್ಲ, ಮುದ್ದೆಯ ಮೇಲೆ ಇನ್ನೊಂದು ಸೌಟು ಸಾರು ಸುರಿದು ಮುಂದೆ ಹೋದ. 2019ರಲ್ಲಿ 111ನೇ ವಯಸ್ಸಿಗೆ ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿ ಜೀವನವಿಡೀ ನಡೆಸಿದ್ದು ಇದನ್ನೇ. ಹಸಿದವರಿಗೆ ಊಟ, ಮಕ್ಕಳಿಗೆ ಅಕ್ಷರ. ಜಾತಿ ಕೇಳದೆ.

ಹಾಗಂತ ಅಜ್ಜಿಗೆ ಯಂತ್ರದ ಮೇಲೆ ಸಿಟ್ಟೇನಿಲ್ಲ. ಕಣ್ಣು ಮಂಜಾಗಿ ವರ್ಷಗಳಾಗಿವೆ. ರಾತ್ರಿ ಹಾಸಿಗೆ ಹಾಸುವಾಗ "ಅದ್ರ ಕೈಲಿ ಒಂದು ವಚನ ಓದಿಸ್ಲಾ" ಅಂದಳು. ಓದಿತು. ನಿಲ್ಲಿಸಬಾರದ ಕಡೆ ನಿಲ್ಲಿಸಿತು. ಅಜ್ಜಿ ಎದ್ದು ಕೂತು ಅದಕ್ಕೇ ತಿದ್ದಿ ಹೇಳಿಕೊಟ್ಟಳು, ಎರಡು ಸಲ.