ಮಿಲ್ಟ್ರಿ ಮನೆಯ ಬಚ್ಚಲು

ಮೊದಲು ಕಟ್ಟಿದ ರ‍್ಯಾಂಪನ್ನು ನಾನೇ ಸುತ್ತಿಗೆ ಹಿಡಿದು ಒಡೆದೆ. ಕಟ್ಟಿದವನೂ ನಾನೇ, ಅದೂ ಒಂದು ತಿಂಗಳ ಹಿಂದಷ್ಟೇ.

ಸೇಡಂ ತಾಲೂಕಿನಲ್ಲಿ ನಮ್ಮೂರು. ಮನೆ ನನ್ನ ಗೆಳೆಯನದು, ಅವನು ಓಡಾಡುವುದು ವೀಲ್‌ಚೇರ್‌ನಲ್ಲಿ. ಪಾಯಾ ನೆಲದಿಂದ ಎರಡು ಅಡಿ ಎತ್ತರ. ಬಾಗಿಲಿನಿಂದ ರಸ್ತೆಗೆ ಹದಿಮೂರು ಅಡಿ ಜಾಗ. ಬೈಕ್ ನಿಲ್ಲಿಸಲು ಸ್ವಲ್ಪ ಬಿಟ್ಟು, ಹತ್ತು ಅಡಿಯಲ್ಲಿ ರ‍್ಯಾಂಪ್ ಮುಗಿಸಿದೆ. ಮೇಲೆ ಪಾಲಿಶ್ ಹೊಡೆದ ಶಹಾಬಾದ್ ಫರ್ಸಿ ಕಲ್ಲು ಹಾಸಿದೆ. ನೋಡಿದವರೆಲ್ಲ ‘ಭಾರಿ ಆಗ್ಯಾದ’ ಅಂದರು. ನಾನು ಅದರ ಮೇಲೆ ಬೈಕ್ ಹತ್ತಿಸಿಯೂ ತೋರಿಸಿದೆ.

ಗೆಳೆಯ ವೀಲ್‌ಚೇರ್‌ನಲ್ಲಿ ಕುಳಿತು ಇಳಿಯಲು ನೋಡಿದ. ಅರ್ಧಕ್ಕೆ ಬರುವಷ್ಟರಲ್ಲಿ ಗಾಲಿ ಕೈಗೆ ಸಿಗಲಿಲ್ಲ. ಅವನ ತಮ್ಮ ಎದುರಿಗೆ ನಿಂತಿದ್ದ, ಎದೆ ಕೊಟ್ಟು ತಡೆದ. ನನಗೆ ಬಾಯಿ ಒಣಗಿತು. ಅವನು ಮಾತ್ರ ನಗುತ್ತ, "ಮನಿ ಬಾಗ್ಲಾ ಕಟ್ಟು ಅಂದ್ರ ಜಾರುಬಂಡಿ ಕಟ್ಟಿಯಲ್ಲೋ ದೋಸ್ತ" ಅಂದ.

ನಾನು ಕಲಬುರಗಿಯಲ್ಲಿ ಸಣ್ಣ ಗುತ್ತಿಗೆದಾರ. ಅಪ್ಪ ಗೌಂಡಿ. ನಾನು ಸಿವಿಲ್ ಡಿಪ್ಲೊಮಾ ಮಾಡಿ ಹದಿನೆಂಟು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಗೆಳೆಯ ಮತ್ತು ನಾನು ಹತ್ತನೇ ಕ್ಲಾಸಿನವರೆಗೆ ಒಂದೇ ಬೆಂಚು. ಅವನು ಫೌಜಿಗೆ ಹೋದ. ಊರಲ್ಲಿ ಅವನ ಹೆಸರು ಹೇಳಿದರೆ ಈಗ ಯಾರಿಗೂ ಗೊತ್ತಾಗುವುದಿಲ್ಲ, ‘ಮಿಲ್ಟ್ರಿ’ ಅನ್ನಬೇಕು. ಡ್ಯೂಟಿಯಲ್ಲಿದ್ದಾಗ ಗುಡ್ಡದ ರಸ್ತೆಯಲ್ಲಿ ಗಾಡಿ ಕಣಿವೆಗೆ ಬಿತ್ತು. ಬೆನ್ನುಹುರಿಗೆ ಎದೆಯ ಮಟ್ಟದಲ್ಲಿ ಪೆಟ್ಟು. ಕೈ ಎರಡೂ ಗಟ್ಟಿಯಾಗಿವೆ. ಎದೆಯಿಂದ ಕೆಳಗೆ ಸ್ಪರ್ಶವೂ ಇಲ್ಲ, ಚಲನೆಯೂ ಇಲ್ಲ.

ಪುಣೆಯ ಖಡಕಿಯಲ್ಲಿ ಇಂಥ ಸೈನಿಕರಿಗೆಂದೇ 1974ರಿಂದ ಒಂದು ಪುನರ್ವಸತಿ ಕೇಂದ್ರ ಇದೆ. ಅಲ್ಲೂ ಸ್ವಲ್ಪ ಕಾಲ ಇದ್ದ. ಅಲ್ಲೇ ಇರಬಹುದಿತ್ತಲ್ಲ, ಯಾಕೆ ಬಂದೆ ಅಂತ ಕೇಳಿದೆ. "ಅಲ್ಲಿ ಎಲ್ಲಾ ಇತ್ತು. ನಮ್ಮವ್ವ ಇರ್ಲಿಲ್ಲ" ಅಂದ.

ರ‍್ಯಾಂಪ್ ಒಡೆದ ಮೇಲೆ ಕೂತು ಓದಿದೆ. ಮೊದಲೇ ಓದಬೇಕಿತ್ತು ಅನ್ನಿ. ಅಂಗವಿಕಲರಿಗೂ ಅನುಕೂಲವಾಗುವಂತೆ ಕಟ್ಟುವುದು ಹೇಗೆ ಅಂತ ಕೇಂದ್ರ ಸರ್ಕಾರ 2021ರಲ್ಲಿ ಹೊರಡಿಸಿದ ಮಾರ್ಗಸೂಚಿ ಇದೆ. ಒಂದಕ್ಕೆ ಹನ್ನೆರಡು ಇಳಿಜಾರು, ಅಂದರೆ ಒಂದು ಇಂಚು ಏರಲು ಒಂದು ಅಡಿ ಉದ್ದ ಬೇಕು. ಎರಡು ಅಡಿ ಪಾಯಾಕ್ಕೆ 24 ಅಡಿ ರ‍್ಯಾಂಪ್! ನಾನು ಕಟ್ಟಿದ್ದು ಹತ್ತು. ಮನೆಯ ಪಕ್ಕಕ್ಕೆ ಎಮ್ಮೆ ಕಟ್ಟುತ್ತಿದ್ದ ಉದ್ದನೆ ಜಾಗ ಇತ್ತು. ಎಮ್ಮೆ ಹಿತ್ತಲಿಗೆ ಹೋಯಿತು. ಅಲ್ಲಿಂದ ಏರಿಸಿ, ಮೂಲೆಯಲ್ಲಿ ಐದು ಅಡಿ ಸಪಾಟು ಜಾಗ ಬಿಟ್ಟು, ಬಾಗಿಲ ಕಡೆ ತಿರುಗಿಸಿದೆವು. ಆ ಸಪಾಟು ಜಾಗ ದಮ್ಮು ತೆಗೆದುಕೊಳ್ಳಲು. ಈಗ ಅವನು ಅಲ್ಲಿ ಕುಳಿತು ರಸ್ತೆಯಲ್ಲಿ ಹೋಗುವವರನ್ನೆಲ್ಲ ಮಾತಾಡಿಸುತ್ತಾನೆ, ಅದು ಬೇರೆ.

ಇನ್ನೊಂದು ತಪ್ಪು ಮಣ್ಣಿನದು. ನಮ್ಮ ಕಡೆ ಎರೆ ಮಣ್ಣು. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಎರೆಯ ಮೇಲೆ ಹಾಗೇ ಕಟ್ಟಿದ ರ‍್ಯಾಂಪ್ ಮನೆಯಿಂದ ಬಿಟ್ಟುಕೊಂಡು ಕೆಳಗೆ ಕೂರುತ್ತದೆ. ನನ್ನ ಮೊದಲ ರ‍್ಯಾಂಪ್ ಒಂದೇ ತಿಂಗಳಲ್ಲಿ ಮುಕ್ಕಾಲು ಇಂಚು ಕೂತಿತ್ತು. ನಡೆಯುವವನಿಗೆ ಮುಕ್ಕಾಲು ಇಂಚು ಕಾಣುವುದೇ ಇಲ್ಲ. ವೀಲ್‌ಚೇರಿನ ಮುಂದಿನ ಪುಟ್ಟ ಗಾಲಿ ಅಷ್ಟಕ್ಕೇ ಸಿಕ್ಕಿ ನಿಲ್ಲುತ್ತದೆ, ಕೂತವನು ಮುಗ್ಗರಿಸುತ್ತಾನೆ. ಎರಡನೇ ಸಲ ಮೂರು ಅಡಿ ಎರೆ ತೆಗೆಸಿ ಮುರಮ್, ಅಂದರೆ ಗರಸು ಮಣ್ಣು, ತುಂಬಿ ದಮ್ಮಸ್ಸು ಮಾಡಿಸಿದೆ. ಮೇಲೆ ಪಾಲಿಶ್ ಇಲ್ಲದ ಒರಟು ಫರ್ಸಿ. ಈ ಸಲ ಬೈಕ್ ಹತ್ತಿಸಲಿಲ್ಲ. ನಾನೇ ವೀಲ್‌ಚೇರಲ್ಲಿ ಕುಳಿತು ಹತ್ತಿದೆ. ಮೇಲೆ ಬರುವಷ್ಟರಲ್ಲಿ ಭುಜ ಸೋತುಹೋಯಿತು.

ಆಮೇಲೆ ಹೊಸ್ತಿಲಿನ ಜಗಳ. ಹಳೆ ತೇಗದ ಹೊಸ್ತಿಲು, ನಾಲ್ಕು ಇಂಚು ಎತ್ತರ. ತೆಗೆಯಬೇಕು ಅಂದ ಕೂಡಲೇ ಅವರವ್ವ ಅಡುಗೆ ಮನೆಯಿಂದ ಎದ್ದು ಬಂದರು. "ಹೊಸ್ತಲ ಇಲ್ಲದ್ದು ಅದೆಂಥಾ ಮನಿ ಯಪ್ಪಾ? ಲಕ್ಷ್ಮಿ ಎಲ್ಲಿ ನಿಂದರತಾಳ?" ನನಗೆ ಉತ್ತರ ಹೊಳೆಯಲಿಲ್ಲ. ಎರಡು ದಿನ ಕೆಲಸ ನಿಂತಿತು. ಕೊನೆಗೆ ನಮ್ಮಪ್ಪನೇ ದಾರಿ ಹೇಳಿದ. ಹೊಸ್ತಿಲು ತೆಗೆಯಬೇಡ, ನೆಲದ ಮಟ್ಟಕ್ಕೆ ಇಳಿಸು. ಕರಿ ಕಲ್ಲಿನ ಪಟ್ಟಿಯೊಂದನ್ನು ಫರ್ಸಿಯ ಸಮಕ್ಕೆ ಕೂರಿಸಿದೆವು. ಹೊರಗೆ ಮಳೆ ನೀರಿಗೆ ಜಾಳಿಗೆ ಮುಚ್ಚಿದ ಸಣ್ಣ ಕಾಲುವೆ. ಚೇಳು, ಹುಳ ಬರಬಾರದಲ್ಲ, ಬಾಗಿಲ ಅಡಿಗೆ ರಬ್ಬರ್ ಪಟ್ಟಿ.

ಮೊದಲ ಶುಕ್ರವಾರ ಅವ್ವ ಕರಿ ಕಲ್ಲಿಗೆ ಅರಿಶಿನ ಹಚ್ಚಿ ಕುಂಕುಮ ಇಟ್ಟರು. ಇನ್ನೂ ಒಣಗಿರಲಿಲ್ಲ, ಇವನು ಒಳಗೆ ಬಂದ. ಪಡಸಾಲೆ ತುಂಬ ಎರಡು ಹಳದಿ ಗೆರೆ. ಹೊಸ್ತಿಲು ತುಳಿಯಬಾರದು ಅಂತ ನಮ್ಮಿಬ್ಬರಿಗೂ ಬೈದು ಬೆಳೆಸಿದ ಹೆಂಗಸು ಅದು. ಆ ಗೆರೆಗಳನ್ನು ಸ್ವಲ್ಪ ಹೊತ್ತು ನೋಡಿದರು. "ತುಳದಿದ್ದು ಗಾಲಿ. ನನ್ನ ಮಗ ಅಲ್ಲ" ಅಂದು ಒರೆಸುವ ಅರಿವೆ ತಂದರು.

ರಾತ್ರಿ ಹೊತ್ತು ಬೇರೆ ಕಡೆ ಏನು ಮಾಡುತ್ತಾರೆ ಅಂತ ಹುಡುಕುತ್ತಿದ್ದೆ. ಅಮೆರಿಕದಲ್ಲಿ ಹೋಮ್ಸ್ ಫಾರ್ ಅವರ್ ಟ್ರೂಪ್ಸ್ ಅಂತ ಒಂದು ಸಂಸ್ಥೆ ಇದೆ. 2004ರಿಂದ, ಯುದ್ಧದಲ್ಲಿ ಕೈಕಾಲು ಕಳೆದುಕೊಂಡವರಿಗೆ, ಬೆನ್ನುಹುರಿಗೆ ಪೆಟ್ಟಾದವರಿಗೆ ಅವರವರ ದೇಹಕ್ಕೆ ತಕ್ಕ ಮನೆ ಕಟ್ಟಿ ಪುಕ್ಕಟೆ ಕೊಡುತ್ತದೆ. ಅಲ್ಲಿನ ಸರ್ಕಾರವೂ ಇಂಥ ಮನೆಗೆಂದು 1948ರಲ್ಲೇ ಹಣ ಕೊಡುವ ಕಾನೂನು ಮಾಡಿತ್ತು. ಆ ಸಂಸ್ಥೆ ಕಟ್ಟಿದ ಮನೆಗಳಲ್ಲಿ ಅಡುಗೆ ಮನೆಯ ಶೆಲ್ಫನ್ನು ಕೈಯಲ್ಲಿ ಎಳೆದರೆ ಅದೇ ಕೆಳಗೆ ಇಳಿದು ಬರುತ್ತದೆ. ಸಿಂಕಿನ ಕೆಳಗೆ ಮೊಣಕಾಲು ಹೋಗಲು ಜಾಗ. ನೋಡಿ ಹೊಟ್ಟೆಕಿಚ್ಚು ಆಯಿತು, ಸುಳ್ಳೇಕೆ. ಇಳಿಯುವ ಶೆಲ್ಫ್ ನಮ್ಮ ಕೈಗೆ ಎಟುಕಲಿಲ್ಲ. ಸಿಂಕಿನ ಐಡಿಯಾ ಮಾತ್ರ ಎತ್ತಿಕೊಂಡೆ. ಒಲೆ ಕಟ್ಟೆಯ ಒಂದು ತುದಿಯನ್ನು 30 ಇಂಚಿಗೆ ಇಳಿಸಿ ಕೆಳಗೆ ಖಾಲಿ ಬಿಟ್ಟೆ. ಅವನಿಗೆ ರಾತ್ರಿ ಚಹಾ ಬೇಕು, ಅವ್ವನನ್ನು ಎಬ್ಬಿಸುವುದು ಬೇಡ. ಅವ್ವ ಮಾತ್ರ ಇವತ್ತಿಗೂ ನೆಲಕ್ಕೆ ಕುಳಿತೇ ರೊಟ್ಟಿ ಬಡಿಯುತ್ತಾರೆ.

ಅವನಿಗೆ ಹುರುಪು ಬರಲಿ ಅಂತ ಒಂದು ದಿನ ಮುರಳಿಕಾಂತ್ ಪೇಟ್ಕರ್ ಅವರ ಕಥೆ ಹೇಳಲು ಹೋದೆ. 1965ರ ಯುದ್ಧದಲ್ಲಿ ಗುಂಡು ತಿಂದವರು, 1972ರಲ್ಲಿ ಹೈಡೆಲ್‌ಬರ್ಗ್ ಪ್ಯಾರಾಲಿಂಪಿಕ್ಸ್‌ನಲ್ಲಿ ಈಜಿ ಚಿನ್ನ ತಂದವರು. ಅವನು ಕೈ ಅಡ್ಡ ಮಾಡಿದ. "ಖಡಕಿಯಾಗ ಅವರ ಕಥಿ ದಿನಾ ಕೇಳೀನಿ. ದೊಡ್ಡ ಮನುಷ್ಯಾ. ನನಗ ಚಿನ್ನ ಬ್ಯಾಡ. ಒಬ್ಬನೇ ಜಳಕಾ ಮಾಡಬೇಕು. ಅಷ್ಟ ಮಾಡಿಕೊಡು."

ಅಲ್ಲಿಗೆ ನನ್ನ ಕೆಲಸ ಏನು ಅಂತ ಗೊತ್ತಾಯಿತು. ಬಚ್ಚಲು.

ಹಳೆ ಬಚ್ಚಲು ನಾಲ್ಕಕ್ಕೆ ಆರು ಅಡಿ. ಬಾಗಿಲು ಎರಡೂಕಾಲು ಅಡಿ, ಕುರ್ಚಿಯೇ ಒಳಗೆ ಹೋಗದು. ಆ ಮಾರ್ಗಸೂಚಿಯ ಪ್ರಕಾರ ಕುರ್ಚಿ ತಿರುಗಲು 1500 ಮಿಲಿಮೀಟರ್ ಸುತ್ತು ಬೇಕು, ಬಾಗಿಲು 900 ಮಿಲಿಮೀಟರ್ ಖಾಲಿ ಸಿಗಬೇಕು. ಅಂಗಳದಲ್ಲಿ ಮೊಳೆ ನೆಟ್ಟು, ಎರಡೂವರೆ ಅಡಿ ದಾರ ಕಟ್ಟಿ, ಸುಣ್ಣದಲ್ಲಿ ವೃತ್ತ ಎಳೆದೆ. ಅವನನ್ನು ನಡುವೆ ಕೂರಿಸಿ ತಿರುಗು ಅಂದೆ. ತಿರುಗಿದ. ಆಮೇಲೆ ಕಮೋಡ್ ಎಲ್ಲಿ, ನಳ ಎಲ್ಲಿ, ಸೋಪು ಎಲ್ಲಿ ಅಂತ ಅವನೇ ಕೈ ಚಾಚಿ ಚಾಚಿ ತೋರಿಸಿದ. ನಾನು ಇಟ್ಟಿಗೆ ಚೂರು ಇಡುತ್ತ ಹೋದೆ. ನಕ್ಷೆ ಅಂತ ಇದ್ದದ್ದು ಅದೊಂದೇ. ಪಕ್ಕದ ಕಾಳಿನ ಕೋಣೆ ಒಡೆದು ಜಾಗ ಮಾಡಿದೆವು. ವರ್ಷದ ತೊಗರಿ ಚೀಲಗಳೆಲ್ಲ ತಮ್ಮನ ಕೋಣೆಗೆ ಹೋದವು. ತಮ್ಮನ ಹೆಂಡತಿ ನನ್ನ ಜೊತೆ ಒಂದು ವಾರ ಮಾತು ಬಿಟ್ಟಳು.

ಹಿಡಿಕೆಯ ವಿಷಯದಲ್ಲಿ ಒಂದು ಅಂಗಡಿಯವರು ನನಗೆ ಟೋಪಿ ಹಾಕಿದರು. ಪಳಪಳ ಹೊಳೆಯುವ ರಾಡು, ‘ಅಂಗವಿಕಲರಿಗೇ ಮಾಡಿದ್ದು ಸರ್’ ಅಂದರು. ನಾನು ಜೋತು ಬಿದ್ದು ನೋಡಿದೆ. ಗಿಲಾವಿನ ಸಮೇತ ಕೈಗೆ ಬಂತು. ಟವೆಲ್ ಹಾಕುವ ರಾಡು ಅದು. ಆಮೇಲೆ ವೆಲ್ಡಿಂಗ್ ಅಂಗಡಿಯಲ್ಲಿ ದಪ್ಪ ಸ್ಟೀಲ್ ಪೈಪ್ ಬಗ್ಗಿಸಿ, ಗೋಡೆಯ ಆಚೆ ಬದಿಗೆ ತಗಡಿನ ಪ್ಲೇಟ್ ಕೊಟ್ಟು ಬೋಲ್ಟ್ ಹಾಕಿಸಿದೆ. ಇಂಥದ್ದಕ್ಕೆ ಇದೇ ಸರಿ.

ಈಗ ಹೇಳಲು ಕಷ್ಟವಾಗುವ ಮಾತು. ಕುರ್ಚಿಯಿಂದ ಸರಿದು ಕೂರಲು ಅದೇ ಎತ್ತರಕ್ಕೆ, 19 ಇಂಚಿಗೆ, ಜಳಕದ ಕಟ್ಟೆ ಕಟ್ಟಿದ್ದೆ. ಮೇಲೆ ಕಲ್ಲು. ಅಂಚನ್ನು ಸರಿಯಾಗಿ ಉಜ್ಜಿ ದುಂಡಗೆ ಮಾಡಿರಲಿಲ್ಲ. ಅವನು ಸರಿಯುವಾಗ ತೊಡೆಯ ಹಿಂದೆ ಚರ್ಮ ತರಚಿದೆ. ನಮಗಾದರೆ ‘ಹಾ’ ಅಂತ ಏಳುತ್ತೇವೆ. ಅವನಿಗೆ ಗೊತ್ತೇ ಆಗಲಿಲ್ಲ. ಅದರ ಮೇಲೆಯೇ ದಿನವಿಡೀ ಕುಳಿತ. ಭಾರ ಬಿದ್ದ ಕಡೆ ರಕ್ತ ಸರಿಯಾಗಿ ಓಡದು, ಗಾಯ ಒಳಗೊಳಗೇ ಬೆಳೆಯುತ್ತದೆ. ಮೂರನೇ ದಿನ ಅವ್ವ ಧೋತರದ ಮೇಲೆ ಕಲೆ ನೋಡಿದರು. ಆರು ವಾರ ಬೋರಲು ಮಲಗಿದ. ನನ್ನ ಕಟ್ಟೆಯ ಕಾಲು ಇಂಚು ಅಂಚಿಗೆ ಆರು ವಾರ. ಅವನು ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಆಮೇಲೆ ಇಡೀ ಮನೆಯನ್ನು ಕೈಯಿಂದ ಸವರಿ ನೋಡಿದೆ. ಕಣ್ಣು ಮುಚ್ಚಿಕೊಂಡು, ಮೊಣಕಾಲು ತಾಕುವ ಎತ್ತರದಲ್ಲಿ. ಎರಡು ಕಡೆ ಮೊಳೆ ಸಿಕ್ಕವು. ಸಿಂಕಿನ ಬಿಸಿನೀರಿನ ಪೈಪನ್ನು ಹಿಂದಕ್ಕೆ ತಳ್ಳಿ ಮುಚ್ಚಿಸಿದೆ. ತೊಡೆಗೆ ತಾಗಿ ಸುಟ್ಟರೂ ಅವನಿಗೆ ತಿಳಿಯದು. ಗೀಸರ್ ಕಡಿಮೆ ಬಿಸಿಗೆ ಇಟ್ಟೆ. ನೀರನ್ನು ಮೊದಲು ಮೊಣಕೈಗೆ ಬಿಟ್ಟು ನೋಡುವುದನ್ನು ಅವನಿಗೆ ಖಡಕಿಯಲ್ಲೇ ಕಲಿಸಿದ್ದಾರೆ. ಕಟ್ಟೆಯ ಮೇಲೆ ಈಗ ನೀರು ಕುಡಿಯದ ಮೆತ್ತನೆ ಸೀಟು.

ಬಿಸಿಲು ಇನ್ನೊಂದು. ಮೇ ತಿಂಗಳ ಕಲಬುರಗಿ ಗೊತ್ತಲ್ಲ, 42 ದಾಟುತ್ತದೆ. ಎದೆಯಷ್ಟು ಮೇಲೆ ಬೆನ್ನುಹುರಿಗೆ ಪೆಟ್ಟಾದವರಿಗೆ ಅಲ್ಲಿಂದ ಕೆಳಗೆ ಬೆವರೇ ಸರಿಯಾಗಿ ಬರುವುದಿಲ್ಲ, ಮೈ ತಣ್ಣಗಾಗುವ ದಾರಿಯೇ ಮುಚ್ಚಿದಂತೆ. ನಮಗೆ ಸೆಕೆ, ಅವನಿಗೆ ಅಪಾಯ. ಹಾಸಿಗೆಯನ್ನು ಉತ್ತರದ ಕೋಣೆಗೆ ಸರಿಸಿದೆವು. ಮಾಳಿಗೆಗೆ ಬಿಳಿ ಸುಣ್ಣ, ಕೂಲರಿಗೆ ಇನ್ವರ್ಟರ್. ರ‍್ಯಾಂಪಿಗೆ ತಗಡಿನ ನೆರಳು, ಯಾಕೆಂದರೆ ಮಧ್ಯಾಹ್ನದ ಫರ್ಸಿ ಮೇಲೆ ಬರಿಗಾಲು ಜಾರಿ ತಾಗಿದರೆ ಬೊಬ್ಬೆ ಎದ್ದ ಮೇಲೆಯೇ ಗೊತ್ತಾಗುವುದು. ಕಿಟಕಿಯನ್ನೂ ಎರಡು ಅಡಿಗೆ ಇಳಿಸಿದೆ, ಕುಳಿತರೆ ಹೊಲ ಕಾಣಲಿ ಅಂತ.

ಕೊನೆಗೆ ಉಳಿದದ್ದು ಬಚ್ಚಲ ಚಿಲಕ. ಒಳಗಿನಿಂದ ಚಿಲಕ ಬೇಕು ಅಂತ ಅವನ ಹಟ. ಬೇಡವೇ ಬೇಡ, ಒಳಗೆ ಬಿದ್ದರೆ ಏನು ಗತಿ ಅಂತ ಮನೆಯವರದು. ಇಬ್ಬರೂ ನನ್ನ ಮುಖ ನೋಡುತ್ತಾರೆ. ಒಳಕ್ಕೆ ತೆರೆಯುವ ಬಾಗಿಲಾದರೆ ಬಿದ್ದವನ ಮೈಗೇ ತಡೆಯುತ್ತದೆ. ಅದಕ್ಕೆ ಹೊರಗೋಡೆಗುಂಟ ಸರಿಯುವ ಬಾಗಿಲು ಹಾಕಿದೆ. ಚಿಲಕ ಒಳಗಿದೆ, ಹೊರಗಿನಿಂದ ಎಂಟಾಣೆ ನಾಣ್ಯ ತೂರಿಸಿ ತಿರುಗಿಸಿದರೆ ತೆರೆಯುತ್ತದೆ. ನಾಣ್ಯ ಅವ್ವನ ಸೀರೆ ಸೆರಗಿನ ಗಂಟಿನಲ್ಲಿದೆ.

ಗಾಯ ಮಾಗಿದ ಮೇಲೆ ಮೊದಲ ಜಳಕದ ದಿನ ನಾನೂ ಹೋಗಿದ್ದೆ. ಬಾಗಿಲು ಸರಿಯಿತು. ಚಿಲಕ ಟಕ್ ಅಂದಿತು. ಅವ್ವ ಬಾಗಿಲ ಬಳಿಯೇ ಕುಳಿತರು, ಸೆರಗಿನ ಗಂಟು ಮುಷ್ಟಿಯಲ್ಲಿ. ಅರ್ಧ ಗಂಟೆ ಆಯಿತು. ನೀರಿನ ಸಪ್ಪಳ, ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ. ಮುಕ್ಕಾಲು ಗಂಟೆ. ಅವ್ವ ಗಂಟು ಬಿಚ್ಚಿದರು. "ಆತೇನೋ ಯಪ್ಪಾ?"

"ಇನ್ನಾ ಒಂದ್ ಬಕೀಟ್ ನೀರ್ ಅದಾವ. ತಡಿ ಯವ್ವಾ."