ಸಾವಿರ ಡಿಗ್ರಿ ದಾಟಿತು ರಾಕು ಗೂಡು: ಬರ್ನರ್ ಪುರಾಣ

ಕೊನೆಗೂ ನಮ್ಮ ರಾಕು ಗೂಡು (ಮಡಕೆಯನ್ನು ಕೆಂಪಗೆ ಕಾದಿರುವಾಗಲೇ ಹೊರಗೆ ತೆಗೆಯುವ, ಜಪಾನಿ ಮೂಲದ ಪದ್ಧತಿಯದು) ಸಾವಿರ ಡಿಗ್ರಿ ದಾಟಿತು! ಅದೂ ಮುಕ್ಕಾಲು ಗಂಟೆಯೊಳಗೆ, ಒಂದೇ ಬರ್ನರ್‌ನಲ್ಲಿ, ಸಿಲಿಂಡರ್ ಮೇಲೆ ಹಿಮ ಕಟ್ಟದೆ. ತಾಮ್ರದ ಗ್ಲೇಜ್ (ಗಾಜಿನಂಥ ಲೇಪ) ಹಾಕಿದ ಬಟ್ಟಲುಗಳು ಇಕ್ಕಳದಲ್ಲಿ ಕೆಂಪಗೆ ಹೊರಗೆ ಬಂದಾಗ ಆದ ಖುಷಿಗೆ ಈ ಬರಹ.

ಗೂಡಿನ ವಿಷಯ ಬೇಗ ಮುಗಿಸುತ್ತೇನೆ. 200 ಲೀಟರಿನ ಎಣ್ಣೆ ಡ್ರಮ್, ಒಳಗೆ ಶಾಖ ಹಿಡಿದಿಡುವ 25 ಮಿ.ಮೀ.ನ ಸೆರಾಮಿಕ್ ಫೈಬರ್ ಎರಡು ಪದರ, ಒಳಗಿನ ಜಾಗ ಸುಮಾರು 130 ಲೀಟರ್. ಮೇಲೆ ಎತ್ತುವ ಹಾಗೆ ರಾಟೆ, ಪಕ್ಕದಲ್ಲಿ ಉಷ್ಣತೆ ಅಳೆಯುವ ಕೆ ಟೈಪ್ ಥರ್ಮೋಕಪಲ್. ಜಾಗ ಕನಕಪುರ ರಸ್ತೆಯ ಆಚೆ ಗೆಳೆಯರ ತೋಟ. ಡ್ರಮ್, ಸಿಲಿಂಡರ್, ದೊಡ್ಡ ಉರಿ ನೋಡಿದ ಪಕ್ಕದ ತೋಟದವರು "ಬಿರಿಯಾನಿ ಎಷ್ಟೊತ್ತಿಗೆ ಸಾರ್?" ಎಂದು ಕೇಳುತ್ತಲೇ ಇರುತ್ತಾರೆ.

ತೊಂದರೆ ಏನಂದ್ರೆ, 800ರ ಆಸುಪಾಸಿಗೆ ಬಂದು ಗೂಡು ಕೂತುಬಿಡುತ್ತಿತ್ತು. ಅಲ್ಲಿಯವರೆಗೆ ಸರಾಗ. ಆಮೇಲೆ ಹತ್ತು ಡಿಗ್ರಿ ಏರುವುದು, ಹದಿನೈದು ಇಳಿಯುವುದು. ಬರ್ನರ್ ಸಣ್ಣದು, ದೊಡ್ಡದು ತಗೊಳ್ಳಿ ಎಂದು ಅಂಗಡಿಯವರೆಲ್ಲ ಒಂದೇ ಮಾತು ಹೇಳಿದರು. ದೊಡ್ಡದು ಅಂದರೆ ಏನು ದೊಡ್ಡದು ಎಂದು ಕೇಳಿದರೆ ಯಾರ ಹತ್ತಿರವೂ ಉತ್ತರ ಇಲ್ಲ.

ನಮ್ಮ ಕಡೆ ಸುಲಭಕ್ಕೆ ಸಿಗುವುದು ಎರಡು. ಒಂದು, ಕ್ಯಾಂಟೀನ್ ಒಲೆಯ ಬೀಡು ಕಬ್ಬಿಣದ ಬರ್ನರ್. ಅದು ಪಾತ್ರೆಯ ತಳಕ್ಕೆ ಉರಿ ಹರಡಲೆಂದೇ ಮಾಡಿದ್ದು. ಸುತ್ತಲೂ ಬಯಲಿನ ಗಾಳಿ ಬೇಕು. ಗೂಡಿನ ಕೆಳಗೆ ಇಟ್ಟರೆ ಮೇಲಿನ ಬಿಸಿಗೆ ತಾನೇ ಕಾದು ಉರಿ ಹಿಂದಕ್ಕೆ ಹೊಡೆಯುತ್ತದೆ. ಇನ್ನೊಂದು, ಛಾವಣಿಗೆ ಡಾಂಬರು ಹಾಳೆ ಅಂಟಿಸುವ ಟಾರ್ಚ್. ಅಗ್ಗ, ಗಟ್ಟಿ, ಉರಿಯೂ ಜೋರು. ಆದರೆ ಅದರ ಮೂತಿ ತೆರೆದ ಗಾಳಿಯಲ್ಲಿ ಕೈಯಲ್ಲಿ ಹಿಡಿಯಲು ಮಾಡಿದ್ದು. ಗೂಡಿನ ಬಾಯಿಗೆ ತುರುಕಿದರೆ ಉಸಿರು ಕಟ್ಟುತ್ತದೆ. ತುಸು ಹಿಂದಕ್ಕೆ ಇಟ್ಟರೆ ಪರವಾಗಿಲ್ಲ, ಶುರುವಿಗೆ ಅದನ್ನೇ ಕೊಳ್ಳಿ ಎಂದು ಹೇಳುತ್ತೇನೆ. ನನಗೆ ಬೇಕಿದ್ದದ್ದು ಹಿಡಿತ. ಹಾಗಾಗಿ ಒಂದೂಕಾಲು ಇಂಚಿನ ಪೈಪಿನ ವೆಂಚುರಿ ಬರ್ನರ್ (ಗ್ಯಾಸಿನ ರಭಸಕ್ಕೇ ಗಾಳಿ ಎಳೆದುಕೊಳ್ಳುವಂಥದ್ದು) ಕಟ್ಟಿಕೊಂಡಿದ್ದೆ. 800ಕ್ಕೆ ಕೂರುತ್ತಿದ್ದದ್ದು ಇದರಲ್ಲೇ.

ಈಗ ಲೆಕ್ಕಕ್ಕೆ ಬರೋಣ. ಎಲ್‌ಪಿಜಿ ಒಂದು ಕಿಲೋಗೆ ಸುಮಾರು 12.8 ಯೂನಿಟ್ (ಕಿಲೋವ್ಯಾಟ್-ಗಂಟೆ) ಶಾಖ ಕೊಡುತ್ತದೆ. 1 ಮಿ.ಮೀ. ಜೆಟ್‌ನಲ್ಲಿ (ಗ್ಯಾಸ್ ಚಿಮ್ಮುವ ಪುಟ್ಟ ತೂತು) 1 ಬಾರ್ ಒತ್ತಡಕ್ಕೆ ಗಂಟೆಗೆ ಸುಮಾರು 1.3 ಕಿಲೋ ಗ್ಯಾಸ್ ಹೋಗುತ್ತದೆ. ಅಂದರೆ 17 ಕಿಲೋವ್ಯಾಟ್ ಹತ್ತಿರ. ಇಷ್ಟು ಸಣ್ಣ ಫೈಬರ್ ಗೂಡಿಗೆ ಅದು ಸಾಕು. ಅದೇ ಜೆಟ್ಟನ್ನು ಮನೆಯ ರೆಗ್ಯುಲೇಟರಿಗೆ ಹಾಕಿದರೆ? ಅದು ಕೊಡುವುದು ಬರೀ 30 ಮಿಲಿಬಾರ್. ಗಂಟೆಗೆ ಕಾಲು ಕಿಲೋ ಚಿಲ್ಲರೆ ಹೋಗುತ್ತದೆ, ಮೂರು ಮೂರೂವರೆ ಕಿಲೋವ್ಯಾಟ್ ಅಷ್ಟೇ. ಹಾಲು ಉಕ್ಕಿಸಬಹುದು, ಗ್ಲೇಜ್ ಕರಗುವುದಿಲ್ಲ. ಮನೆಯ 14.2 ಕಿಲೋ ಸಿಲಿಂಡರ್ ಇಂಥ ಕೆಲಸಕ್ಕೆ ಬಳಸಲು ಕಾನೂನೂ ಒಪ್ಪುವುದಿಲ್ಲ. 19 ಕಿಲೋ ಕಮರ್ಷಿಯಲ್ ಸಿಲಿಂಡರ್, ತಿರುಗಿಸಿ ಒತ್ತಡ ಹೊಂದಿಸುವ ಹೈ ಪ್ರೆಶರ್ ರೆಗ್ಯುಲೇಟರ್, ಅದಕ್ಕೆ ತಕ್ಕ ಹೋಸ್. ಇದರಲ್ಲಿ ಚೌಕಾಸಿ ಬೇಡ.

ಬರ್ನರಿನಲ್ಲಿ ಇದ್ದದ್ದು 1.2 ಮಿ.ಮೀ. ಜೆಟ್. ಹೊರದೇಶದವರು ಹಂಚಿಕೊಂಡ ನಕ್ಷೆಯಲ್ಲಿ ಇದ್ದ ಅಳತೆ ಅದೇ. ಲೆಕ್ಕದಲ್ಲಿ ಶಾಖ ಬೇಕಾದ್ದಕ್ಕಿಂತ ಜಾಸ್ತಿಯೇ ಇತ್ತು. ಆದರೂ 800ಕ್ಕೆ ನಿಲ್ಲುವುದು ಯಾಕೆ?

ಸುಳಿವು ಸಿಕ್ಕಿದ್ದು ರೆಗ್ಯುಲೇಟರ್ ತಿರುಗಿಸಿದಾಗ. ಒತ್ತಡ ಏರಿಸಿದರೆ ಉಷ್ಣತೆ ಏರಬೇಕು ಅಲ್ವಾ? ಇಲ್ಲಿ ಇಳಿಯಿತು. ಹೊಗೆಗಂಡಿಯಿಂದ ಹಳದಿ ಉರಿ ಮೊಳ ಉದ್ದ ಹೊರಗೆ ಬಂತು. ಗ್ಯಾಸ್ ಒಳಗೆ ಉರಿಯದೆ ಹೊರಗೆ ಬಂದು, ಗಾಳಿ ಸಿಕ್ಕಮೇಲೆ ಉರಿಯುತ್ತಿತ್ತು. ದುಡ್ಡು ಕೊಟ್ಟ ಶಾಖ ಆಕಾಶಕ್ಕೆ ಹೋಗುತ್ತಿತ್ತು. ಒಲೆ ತುಂಬ ಸೌದೆ ತುರುಕಿ ಊದುಗೊಳವೆ ಪಕ್ಕಕ್ಕಿಟ್ಟ ಹಾಗೆ.

ಒಂದು ಕಿಲೋ ಎಲ್‌ಪಿಜಿ ಪೂರ್ತಿ ಉರಿಯಲು 15 ಕಿಲೋಗಿಂತ ಜಾಸ್ತಿ ಗಾಳಿ ಬೇಕು. ಫ್ಯಾನ್ ಇಲ್ಲದ ಬರ್ನರಿನಲ್ಲಿ ಆ ಗಾಳಿಯನ್ನು ಎಳೆದು ತರುವುದು ಜೆಟ್‌ನಿಂದ ನುಗ್ಗುವ ಗ್ಯಾಸೇ. ಇಲ್ಲೊಂದು ಮುಖ್ಯ ಮಾತು. ಒತ್ತಡ ಏರಿಸಿದರೆ ಗ್ಯಾಸೂ ಜಾಸ್ತಿ, ಗಾಳಿಯೂ ಜಾಸ್ತಿ. ಎರಡರ ಪ್ರಮಾಣ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಆ ಪ್ರಮಾಣ ಬದಲಾಗಬೇಕಾದರೆ ಜೆಟ್ ತೂತಿನ ಅಳತೆ ಅಥವಾ ಪೈಪಿನ ಗಂಟಲಿನ ಅಳತೆ ಬದಲಾಗಬೇಕು. ಗಂಟಲು ಅಷ್ಟೇ ಇಟ್ಟು ಜೆಟ್ ಸಣ್ಣದು ಮಾಡಿದರೆ, ಪ್ರತಿ ಗ್ರಾಂ ಗ್ಯಾಸಿಗೆ ಸಿಗುವ ಗಾಳಿ ಹೆಚ್ಚುತ್ತದೆ.

ನಕ್ಷೆಯ ಅಳತೆ ನಮಗೆ ಯಾಕೆ ಒಗ್ಗುವುದಿಲ್ಲ ಎನ್ನುವುದಕ್ಕೆ ಎರಡು ಕಾರಣ. ಆ ನಕ್ಷೆ ಪ್ರೊಪೇನ್‌ಗೆ ಮಾಡಿದ್ದು. ನಮ್ಮ ಸಿಲಿಂಡರಿನಲ್ಲಿ ಬ್ಯುಟೇನ್ ಕೂಡ ಸಾಕಷ್ಟು ಇರುತ್ತದೆ. ಒಂದು ಪಾಲು ಪ್ರೊಪೇನ್‌ಗೆ 24 ಪಾಲು ಗಾಳಿ ಸಾಕು, ಬ್ಯುಟೇನ್‌ಗೆ 31 ಪಾಲು ಬೇಕು. ಎರಡನೆಯದು ನಮ್ಮ ಊರಿನ ಎತ್ತರ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್ ಮೇಲಿದೆ. ಗಾಳಿ ಹತ್ತಿರ ಹತ್ತಿರ ಹತ್ತು ಪರ್ಸೆಂಟ್ ತೆಳುವು. ಎರಡೂ ಸೇರಿದರೆ ಉರಿಗೆ ಹಸಿವು ತಪ್ಪಿದ್ದಲ್ಲ. ಮಂಗಳೂರಿನಲ್ಲಿ ರಾಕು ಮಾಡುವವರಿಗೆ ಈ ಎರಡನೆಯ ಕಾಟ ಇಲ್ಲ, ಪುಣ್ಯವಂತರು.

ಇನ್ನು ಹೊಗೆಗಂಡಿ. ಮುಚ್ಚಳದ ತೂತು 10 ಸೆಂ.ಮೀ. ಇತ್ತು. ಬಿಸಿಯಾದ ಅನಿಲ ಹಿಗ್ಗಿ ಅಷ್ಟರಲ್ಲಿ ಹೊರಗೆ ಹೋಗಲಾಗದೆ ಗೂಡಿನೊಳಗೆ ಒತ್ತಡ ಕಟ್ಟುತ್ತಿತ್ತು. ಆಗ ಬರ್ನರ್ ಬಾಯಿಯ ಸುತ್ತಲಿನ ಗಾಳಿ ಒಳಗೆ ಬರುವುದಿಲ್ಲ. ವೆಂಚುರಿಯ ಎಳೆತವೂ ಕಡಿಮೆಯಾಗುತ್ತದೆ. ಗ್ಯಾಸ್ ಹೆಚ್ಚಿಸಿದಷ್ಟೂ ಗಂಟು ಬಿಗಿ.

ಸಿಲಿಂಡರ್ ಕೂಡ ಈ ಜಗಳದಲ್ಲಿ ಪಾಲುದಾರ. ದ್ರವ ಆವಿಯಾಗುವಾಗ ಶಾಖ ಹೀರುತ್ತದೆ. ಗಂಟೆಗೆ ಎರಡು ಕಿಲೋ ಹತ್ತಿರ ಎಳೆದರೆ ಒಂದೇ ಸಿಲಿಂಡರಿಗೆ ತಾಳಲು ಆಗದು, ತಣ್ಣಗಾಗಿ ಒತ್ತಡ ಬೀಳುತ್ತದೆ. ಬ್ಯುಟೇನ್ ಅಂತೂ ಸೊನ್ನೆ ಡಿಗ್ರಿಯ ಹತ್ತಿರವೇ ಆವಿಯಾಗುವುದನ್ನು ನಿಲ್ಲಿಸುತ್ತದೆ. ಡಿಸೆಂಬರ್ ಬೆಳಿಗ್ಗೆ ಇನ್ನೂ ಕಷ್ಟ. ಉಗುರು ಬೆಚ್ಚಗಿನ ನೀರಿನ ತೊಟ್ಟಿಯಲ್ಲಿ ಸಿಲಿಂಡರ್ ನಿಲ್ಲಿಸಿದರೆ ಸಾಕು. ಬೆಂಕಿ ತೋರಿಸುವ ಯೋಚನೆಯೂ ಬೇಡ.

ಜೆಟ್ ಹುಡುಕಾಟದ ಬಗ್ಗೆ ಹೇಳದಿದ್ದರೆ ಹೊಟ್ಟೆ ಉಬ್ಬುತ್ತದೆ. ಒಂದು ಅಂಗಡಿಯಲ್ಲಿ 1.0 ಎಂದು ಅಚ್ಚು ಹೊಡೆದ ಜೆಟ್ ಕೊಟ್ಟರು. ಮನೆಗೆ ತಂದು ಡ್ರಿಲ್ ಬಿಟ್ಟಿನ ಹಿಂಬದಿಯಿಂದ ಅಳೆದರೆ 1.2ರದ್ದು ಆರಾಮಾಗಿ ಒಳಗೆ ಹೋಯಿತು. ಕೇಳಿದರೆ "ಎಲ್ಲಾ ಒಂದೇ ಸಾರ್, ಉರಿಯುತ್ತೆ" ಎಂಬ ಸಮಾಧಾನ. ಒಂದೇ ಆಗಿದ್ದರೆ ನಂಬರ್ ಯಾಕೆ ಹೊಡೆಯಬೇಕು? ತೂತಿನ ಅಡ್ಡಳತೆ 1ರಿಂದ 1.2ಕ್ಕೆ ಹೋದರೆ ಗ್ಯಾಸ್ 44 ಪರ್ಸೆಂಟ್ ಜಾಸ್ತಿ. ಇದು ಸಣ್ಣ ವ್ಯತ್ಯಾಸವೇ? ಇನ್ನೊಬ್ಬರು 128 ಡೆನ್ಸಿಟಿ (ಘನ ಮೀಟರಿಗೆ 128 ಕಿಲೋ) ಎಂದು ಕೊಟ್ಟ ಫೈಬರ್ ತೂಗಿದರೆ 96ರ ಲೆಕ್ಕಕ್ಕೆ ಬಂತು. ಮೀಟರ್ ಇಲ್ಲದ ರೆಗ್ಯುಲೇಟರ್ ಮಾರುವವರ ಮೇಲೂ ನನಗೆ ನಿಜವಾಗಿ ಸಿಟ್ಟಿದೆ. ಒತ್ತಡ ಎಷ್ಟೆಂದು ಕಾಣದೆ ಬರ್ನರ್ ಹೊಂದಿಸುವುದು ಹೇಗೆ? ಕಡೆಗೆ ಖಾಲಿ ಹಿತ್ತಾಳೆ ಜೆಟ್ ತಂದು, ಲೇತ್ ಇರುವವರ ಹತ್ತಿರ 1 ಮಿ.ಮೀ. ತೂತು ಹಾಕಿಸಿದೆ. ಅವರು ಅಂಚಿನ ಸಿಬಿರು ತೆಗೆದು, ಬೆಳಕಿಗೆ ಹಿಡಿದು ತೋರಿಸಿ ಕೊಟ್ಟರು. ಕೆಲಸ ಗೊತ್ತಿರುವವರ ಹತ್ತಿರ ಹೋದರೆ ಎಷ್ಟು ಹಗುರ ಅನ್ನಿಸುತ್ತದೆ ನೋಡಿ.

ಹೊಸ ಜೆಟ್, 14 ಸೆಂ.ಮೀ. ಹೊಗೆಗಂಡಿ, ಬರ್ನರ್ ಮೂತಿ ಗೂಡಿನ ಬಾಯಿಂದ ಎರಡು ಬೆರಳು ಹಿಂದಕ್ಕೆ. ಉರಿ ಗೋಡೆಗೆ ಸವರಿಕೊಂಡು ಸುತ್ತುವ ಹಾಗೆ ಓರೆಯಾಗಿ ಇಟ್ಟೆ. ಒತ್ತಡ 1 ಬಾರ್ ಚಿಲ್ಲರೆ. ಉರಿ ನೀಲಿ, ಸದ್ದು ಗಟ್ಟಿ. 800 ಬಂತು, ನಿಲ್ಲಲಿಲ್ಲ. 900ರ ಮೇಲೂ ಅದೇ ಓಟ. ಕಡಿಮೆ ಗ್ಯಾಸಿನಲ್ಲಿ ಜಾಸ್ತಿ ಬಿಸಿ! ಹಾಗಾಗಿ ಬರ್ನರ್ ಕೊಳ್ಳುವಾಗ ಎಷ್ಟು ದೊಡ್ಡದು ಎಂದು ಕೇಳಬೇಡಿ, ಎಷ್ಟು ಗಾಳಿ ಎಳೆಯುತ್ತದೆ ಎಂದು ಕೇಳಿ. ಜೆಟ್ ಬಿಚ್ಚಿ ಬದಲಿಸಲು ಬರದ ಬರ್ನರ್ ಬೇಡವೇ ಬೇಡ.

ಬ್ಲೋವರ್ ಹಾಕಿದರೆ ಈ ತಲೆನೋವೇ ಇಲ್ಲ ಎನ್ನುವವರಿದ್ದಾರೆ. ನಿಜ. ಕ್ಯೋಟೋದ ರಾಕು ಮನೆತನದವರು ಕಪ್ಪು ಬಟ್ಟಲನ್ನು ಇವತ್ತಿಗೂ ಇದ್ದಿಲಿನಲ್ಲಿ, ತಿದಿ ಒತ್ತಿಯೇ ಸುಡುತ್ತಾರೆ. ಗಾಳಿಯ ಮಹಿಮೆ ಅವರಿಗೆ 16ನೇ ಶತಮಾನದಿಂದ ಗೊತ್ತು. ಆದರೆ ನಮ್ಮ ತೋಟದ ಕರೆಂಟ್ ನಂಬುವ ಹಾಗಿಲ್ಲ. ಫ್ಯಾನ್ ನಿಂತು ಗ್ಯಾಸ್ ಮಾತ್ರ ಹರಿಯುತ್ತಿದ್ದರೆ ಅಪಾಯ. ಕರೆಂಟ್ ಹೋದ ಕೂಡಲೇ ಮುಚ್ಚುವ ಸೊಲೆನಾಯ್ಡ್ ವಾಲ್ವ್ ಇಲ್ಲದೆ ಅದಕ್ಕೆ ಕೈ ಹಾಕುವುದಿಲ್ಲ.

ನಡುವೆ ಒಂದು ಬೇರೆ ಮಾತು. ಕೆಂಪಗಿರುವ ಮಡಕೆಯನ್ನು ಮರದ ಪುಡಿಯಲ್ಲಿ ಹೂತು ಹೊಗೆ ಹಿಡಿಸುವುದು ಜಪಾನಿನದಲ್ಲ, 1960ರಲ್ಲಿ ಅಮೆರಿಕದ ಪಾಲ್ ಸೋಲ್ಡ್ನರ್ ಶುರು ಮಾಡಿದ್ದು. ಅವರು ಕೈಗೆ ಸಿಕ್ಕಿದ ಎಲೆಗಳನ್ನು ಬಳಸಿದರು. ಹಾಗಿದ್ದರೆ ನಮಗೆ ಅಡಿಕೆ ಸಿಪ್ಪೆ ಯಾಕಾಗಬಾರದು? ಕಾಫಿ ಹೊಟ್ಟು? ಶೇಂಗಾ ಸಿಪ್ಪೆ? ಒಂದೇ ಗ್ಲೇಜ್, ಒಂದೇ ಅಳತೆಯ ಬಟ್ಟಲು, ಬೇರೆ ಬೇರೆ ಡಬ್ಬಿಯಲ್ಲಿ ಬೇರೆ ಬೇರೆ ಹೊಟ್ಟು ಹಾಕಿ ನೋಡಬೇಕು. ಒಡೆದ ಮಂಗಳೂರು ಹೆಂಚು ಕುಟ್ಟಿ, ಜರಡಿ ಹಿಡಿದು ಗ್ರಾಗ್ (ಸುಟ್ಟ ಮಣ್ಣಿನ ತರಿ) ಆಗಿ ಮಣ್ಣಿಗೆ ಬೆರೆಸುವ ಕೆಲಸವೂ ಆಗಲೇ ಶುರುವಾಗಿದೆ. ಶಿರಸಿ, ತೀರ್ಥಹಳ್ಳಿ ಕಡೆಯವರು ಒಂದು ಚೀಲ ಅಡಿಕೆ ಸಿಪ್ಪೆ ಕಳಿಸಿದರೆ ಬಟ್ಟಲು ಗ್ಯಾರಂಟಿ.

ಬರ್ನರಿನಲ್ಲಿ ಉಳಿದಿರುವುದು ಎರಡು ಕೆಲಸ. ಗೂಡಿನ ಮೇಲೂ ಕೆಳಗೂ ಇನ್ನೂ ಬಿಸಿಯ ವ್ಯತ್ಯಾಸ ಇದೆ, ಉರಿಯ ಎದುರಿನ ಇಟ್ಟಿಗೆ ಸರಿಸಿ ನೋಡಬೇಕು. ಅದಕ್ಕೂ ಮುಂಚೆ, ಉರಿ ಆರಿದರೆ ಗ್ಯಾಸ್ ನಿಲ್ಲಿಸುವ ಸುರಕ್ಷತಾ ವಾಲ್ವ್. ಈ ಗ್ಯಾಸ್ ಗಾಳಿಗಿಂತ ಭಾರ, ನೆಲದ ತಗ್ಗಿನಲ್ಲಿ ಕೂರುತ್ತದೆ. ಗೂಡು ಕೆಂಪಾಗುವ ಮುಂಚಿನ ಹೊತ್ತೇ ಹೆಚ್ಚು ಅಪಾಯ, ಆಗ ಆರಿದರೆ ತಾನಾಗಿ ಮತ್ತೆ ಹತ್ತಿಕೊಳ್ಳುವುದಿಲ್ಲ. ಈಗ ಆ ಹೊತ್ತಿನಲ್ಲಿ ಬರ್ನರ್ ಬಿಟ್ಟು ಯಾರೂ ಕದಲುವುದಿಲ್ಲ. ವಾಲ್ವಿಗೆ ಹಣ ಕಟ್ಟಾಗಿದೆ, "ನಾಳೆ ಬರುತ್ತೆ" ಎನ್ನುತ್ತಿದ್ದಾರೆ. ಪೈಪಿನಲ್ಲಿ ಅದಕ್ಕೆ ಜಾಗ ಬಿಟ್ಟು, ಸೋಪು ನೀರು ಹಚ್ಚಿ ಎಲ್ಲ ಜಾಯಿಂಟ್ ಪರೀಕ್ಷೆ ಮಾಡಿಟ್ಟಿದ್ದೇನೆ.